ಕೊಕ್ಕೆ ಮೇಡಂ ಮತ್ತು ಮೂರನೇ ಮಹಡಿಯ ಪರವಾನಗಿ

ಸಂಸತ್ತಿನ ಕಟ್ಟಡದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಕೊಕ್ಕೆ ಮೇಡಂ ಎಂದರೆ ಗೇಟಿನ ಕಾವಲಿನವನಿಂದ ಹಿಡಿದು ಮಂತ್ರಿಗಳ ಆಪ್ತ ಕಾರ್ಯದರ್ಶಿಯವರೆಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಇಲಾಖೆಗಳವರು ಹಲ್ಲು ಕಡಿಯುತ್ತಾ ಇಟ್ಟ ಹೆಸರು ಅದು. ಅವಳು ಅದನ್ನೇ ಬಿರುದಿನ ಹಾಗೆ ಹೊತ್ತು ತಿರುಗಿದಳು.

ಅವಳ ಕೆಲಸವೇ ಹಾಗಿತ್ತು. ಕಾನೂನು ಮಾಡುವುದು ಇಡೀ ಸಂಸತ್ತು. ಆದರೆ ಕಾನೂನಿನಲ್ಲಿ ಎಲ್ಲವನ್ನೂ ಬರೆಯುತ್ತ ಕೂರಲಾಗುವುದಿಲ್ಲ. ‘ಉಳಿದ ವಿವರಗಳನ್ನು ಇಲಾಖೆಯು ನಿಯಮಗಳ ಮೂಲಕ ಗೊತ್ತುಪಡಿಸತಕ್ಕದ್ದು’ ಎಂದು ಒಂದು ಸಾಲು ಸೇರಿಸಿ ಸದಸ್ಯರು ಎದ್ದು ಹೋಗುತ್ತಾರೆ. ಆಮೇಲೆ ಇಲಾಖೆಯವರು ಆ ಒಂದು ಸಾಲಿನ ಸಂದಿಯಿಂದ ಏನೇನನ್ನು ಒಳಗೆ ನುಸುಳಿಸುತ್ತಾರೆ ಎಂದು ನೋಡಲು ಒಂದು ಸಮಿತಿ ಇದೆ. ಗೆಜೆಟ್‌ನಲ್ಲಿ ಬರುವ ಪ್ರತಿ ಹೊಸ ನಿಯಮವನ್ನೂ ಪ್ರತಿ ತಿದ್ದುಪಡಿಯನ್ನೂ ಅದು ಓದಬೇಕು. ಸಮಿತಿ ಓದಬೇಕು ಎಂದರೆ ಅದಕ್ಕಿಂತ ಮೊದಲು ಒಬ್ಬ ಅಧಿಕಾರಿ ಓದಬೇಕು. ಆ ಅಧಿಕಾರಿ ಇವಳು. ಇಲಾಖೆಗೆ ಇಲ್ಲದ ಅಧಿಕಾರ ಎಲ್ಲಾದರೂ ಕಂಡರೆ ಅಲ್ಲೊಂದು ಪ್ರಶ್ನೆ ಬರೆದು ವಾಪಸ್ಸು ಕಳಿಸುತ್ತಿದ್ದಳು. ಅದಕ್ಕೇ ಕೊಕ್ಕೆ.

ಸಮಿತಿಯ ಕೋಣೆ ನೆಲಮಾಳಿಗೆಯಲ್ಲಿ, ನೀರಿನ ಪಂಪಿನ ಪಕ್ಕದಲ್ಲಿತ್ತು. ಕಿಟಕಿ ಇರಲಿಲ್ಲ. ಪಂಪು ಶುರುವಾದರೆ ಮೇಜಿನ ಮೇಲಿನ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಸಾರ್ವಜನಿಕರಿಗೆಂದು ಹಿಂದೆ ಒಂದು ಸಾಲು ಕುರ್ಚಿ ಹಾಕಿದ್ದರು. ಅಲ್ಲಿ ಸಾಮಾನ್ಯವಾಗಿ ಸದಸ್ಯರ ಕೋಟುಗಳು ಕೂತಿರುತ್ತಿದ್ದವು. ಯಾರನ್ನಾದರೂ ಈ ಸಮಿತಿಗೆ ಹಾಕಿದರೆ, ಪಕ್ಷದವರಿಗೆ ಅವರ ಮೇಲೆ ಸಿಟ್ಟಿದೆ ಎಂದೇ ಅರ್ಥ. ಆದರೆ ಆಗಿನ ಅಧ್ಯಕ್ಷರು ಮಾತ್ರ ಕೇಳಿ ಪಡೆದುಕೊಂಡು ಬಂದವರು. ರಾಜಕೀಯಕ್ಕೆ ಇಳಿಯುವ ಮುಂಚೆ ಅವರು ಹಲ್ಲಿನ ಡಾಕ್ಟರಾಗಿದ್ದರು. ನಿಯಮಗಳನ್ನೂ ಹಾಗೇ ನೋಡುತ್ತಿದ್ದರು, ಒಂದೊಂದನ್ನೇ ಮೆಲ್ಲಗೆ ತಟ್ಟಿ, ಎಲ್ಲಿ ಚೀರುತ್ತದೆ ಎಂದು ಕಾಯುತ್ತ.

ಅವಳಿಗೆ ಗಂಡ ಸಿಕ್ಕಿದ್ದೂ ಒಂದು ಕೊಕ್ಕೆಯಿಂದಲೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಉದ್ಯಾನಗಳ ನಿಯಮವೊಂದು ಅವಳ ಮೇಜಿಗೆ ಬಂತು. ‘ಕೊರಳಪಟ್ಟಿಯಿಲ್ಲದ ನಾಯಿಗಳನ್ನು ಅಥವಾ ಮಕ್ಕಳನ್ನು ಜೊತೆಗೆ ದೊಡ್ಡವರಿಲ್ಲದೆ ಒಳಗೆ ಬಿಡತಕ್ಕದ್ದಲ್ಲ.’ ಅವಳು ವಾಪಸ್ಸು ಕಳಿಸಿದಳು. ಅದು ಹಾಗೇ ಮರಳಿ ಬಂತು. ಮತ್ತೆ ಕಳಿಸಿದಳು. ಕೊನೆಗೆ ಅದನ್ನು ಬರೆದವನೇ ಮೆಟ್ಟಿಲಿಳಿದು ಬಂದ. ಭಾರೀ ಆಳು, ಮುಖದ ತುಂಬ ಗಡ್ಡ.

“ಇದಕ್ಕೆ ಕೊಕ್ಕೆ ಹಾಕಿದವರು ಯಾರ್ರೀ?”

“ನಾನೇ. ಕೂತ್ಕೊಳ್ಳಿ. ನಿಮ್ಮ ನಿಯಮದ ಪ್ರಕಾರ ಯಾವ ಮಕ್ಕಳಿಗೆ ಕೊರಳಪಟ್ಟಿ ಹಾಕ್ಬೇಕು, ಸ್ವಲ್ಪ ಹೇಳಿ.”

ಅವನು ಸಾಲನ್ನು ಜೋರಾಗಿ ಓದಿದ. ಅರ್ಧಕ್ಕೆ ನಿಲ್ಲಿಸಿದ. ಆಮೇಲೆ ನಕ್ಕ ನಗುವಿಗೆ ಪಕ್ಕದ ಕೋಣೆಯವರು ಬಂದು ಇಣುಕಿದರು. ಇಲಾಖೆಯಲ್ಲಿ ಕರಡು ಬರೆಯುವವನು, ಮೈಕಟ್ಟೂ ಹಾಗಿತ್ತು. ಅವನನ್ನು ಎಲ್ಲರೂ ಕರಡಿ ಎನ್ನುತ್ತಿದ್ದರು. ಕರಡಿಯನ್ನು ಕೊಕ್ಕೆ ಹಾಕಿ ಹಿಡಿದಳು ಎಂದು ಮದುವೆಯಲ್ಲಿ ಹೇಳದವರಿಲ್ಲ.

ಮದುವೆಯಾದ ಮೇಲೆ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡರು. ಅವನು ನಿಯಮ ಬರೆಯುವವನು, ಇವಳು ಅದರಲ್ಲಿ ತಪ್ಪು ಹುಡುಕುವವಳು. ಹಾಗಾಗಿ ಮನೆಯೊಳಗೆ ಆಫೀಸಿನ ಮಾತು ಬೇಡ. ಅವನ ಇಲಾಖೆಯ ನಿಯಮಗಳು ಬಂದಾಗ ಅವಳು ಅಧ್ಯಕ್ಷರಿಗೆ ಹೇಳಿ ಇನ್ನೊಬ್ಬ ಅಧಿಕಾರಿಗೆ ದಾಟಿಸುತ್ತಿದ್ದಳು. ಆಮೇಲೆ ಅವನಿಗೆ ಬೇರೆ ಇಲಾಖೆಗೆ ವರ್ಗವಾಯಿತು, ಮತ್ತೆ ಇನ್ನೊಂದಕ್ಕೆ. ಮಗಳು ಹುಟ್ಟಿದಳು.

ಇಲ್ಲಿ ದೊಡ್ಡಮ್ಮನ ವಿಷಯ ಹೇಳಬೇಕು. ಈ ಗಂಡ ಹೆಂಡತಿಯ ಮನೆ ಎರಡನೇ ಮಹಡಿಯಲ್ಲಿತ್ತು. ಅದರ ನೇರ ಮೇಲೆ, ಮೂರನೇ ಮಹಡಿಯಲ್ಲಿ, ದೊಡ್ಡಮ್ಮ ಇದ್ದಳು. ರಕ್ತಸಂಬಂಧ ಏನೂ ಇಲ್ಲ. ಆ ಕಟ್ಟಡದ ಮಕ್ಕಳಿಗೆಲ್ಲ ಅವಳು ದೊಡ್ಡಮ್ಮ, ಮಕ್ಕಳನ್ನು ನೋಡಿ ದೊಡ್ಡವರಿಗೂ ದೊಡ್ಡಮ್ಮ. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ತನ್ನ ಮನೆಯಲ್ಲೇ ನೋಡಿಕೊಳ್ಳುತ್ತಿದ್ದಳು. ಅದಕ್ಕೆ ಸರ್ಕಾರದ ಪರವಾನಗಿ ಇತ್ತು. ಚೌಕಟ್ಟು ಹಾಕಿಸಿ ಬಾಗಿಲ ಎದುರಿಗೇ ತೂಗುಹಾಕಿದ್ದಳು. ಕೊಕ್ಕೆಯ ಮಗಳು ಅಂಬೆಗಾಲಿಟ್ಟಿದ್ದು, ಮೊದಲ ಮಾತಾಡಿದ್ದು, ಮೊದಲ ಹಲ್ಲು ಕೀಳಿಸಿಕೊಂಡಿದ್ದು ಎಲ್ಲ ಆ ಮನೆಯಲ್ಲೇ. ಈಗ ಹುಡುಗಿ ಹೈಸ್ಕೂಲು ಮುಗಿಸುವ ಹೊತ್ತಿಗೆ ಬಂದಿದ್ದರೂ ಶಾಲೆ ಬಿಟ್ಟವಳು ಎರಡನೇ ಮಹಡಿಯಲ್ಲಿ ಚೀಲ ಎಸೆದು ಮೂರನೇ ಮಹಡಿಗೆ ಓಡುತ್ತಿದ್ದಳು.

ಆ ವರ್ಷ ಊರಿನ ಇನ್ನೊಂದು ಕೊನೆಯಲ್ಲಿ, ಇಂಥದ್ದೇ ಒಂದು ಮನೆಯ ಬಾಲ್ಕನಿಯಿಂದ ಪುಟ್ಟ ಮಗುವೊಂದು ಕೆಳಗೆ ಬಿತ್ತು. ಕೆಳಗಿನ ಅಂಗಡಿಯ ಬಟ್ಟೆಯ ಚಾವಣಿ ಅಡ್ಡ ಬಂದದ್ದರಿಂದ ಜೀವ ಉಳಿಯಿತು, ಎರಡೂ ಕಾಲು ಮುರಿದವು. ಪತ್ರಿಕೆಗಳು ಮಂತ್ರಿಯನ್ನು ತರಾಟೆಗೆ ತೆಗೆದುಕೊಂಡವು. ಕರಡಿ ಆಗ ಮಕ್ಕಳ ಕಲ್ಯಾಣ ಇಲಾಖೆಯಲ್ಲಿದ್ದ. ಮಂತ್ರಿಯ ಜೊತೆ ಅವನೂ ಆಸ್ಪತ್ರೆಗೆ ಹೋಗಿ ಬಂದ. ಅವತ್ತು ಮನೆಗೆ ಬಂದವನು ಊಟ ಬೇಡವೆಂದು ಮಗಳ ಕೋಣೆಯ ಬಾಗಿಲಲ್ಲಿ ತುಂಬ ಹೊತ್ತು ಸುಮ್ಮನೆ ನಿಂತಿದ್ದ.

ಸ್ವಲ್ಪ ದಿನಕ್ಕೆ ಕೊಕ್ಕೆಯ ಮೇಜಿನ ಮೇಲೆ ಗೆಜೆಟ್‌ನ ಕಟ್ಟು ಬಂತು. ಮೀನು ಸಾಗಿಸುವ ಲಾರಿಗಳ ನಿಯಮ, ಬಣ್ಣದ ಡಬ್ಬಿಗಳ ಮೇಲಿನ ಚೀಟಿಯ ನಿಯಮ, ಅದರ ಕೆಳಗೆ ಒಂದೇ ಪುಟದ್ದೊಂದು. ಯಾವ ಇಲಾಖೆಯದು ಎಂದು ನೋಡುವ ಮುಂಚೆಯೇ ಕಣ್ಣು ಸಾಲುಗಳ ಮೇಲೆ ಓಡಿತು. ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಪರವಾನಗಿ ಇನ್ನು ನೆಲಮಹಡಿಯ ಮನೆಗಳಿಗೆ ಮಾತ್ರ. ಮೇಲಿನ ಮಹಡಿಗಳಲ್ಲಿ ಈಗಾಗಲೇ ಕೊಟ್ಟಿರುವ ಪರವಾನಗಿಗಳು ತಿಂಗಳ ಕೊನೆಗೆ ರದ್ದು. ತುರ್ತು ಸಂದರ್ಭದ ಕಲಮಿನಡಿ ಹೊರಡಿಸಲಾಗಿದೆ.

ಅವಳ ಕಿವಿ ನಿಮಿರಿತು. ತುರ್ತು ಕಲಮೆಂದರೆ ಸಾಂಕ್ರಾಮಿಕ ರೋಗ, ನೆರೆ, ಭೂಕಂಪ ಇಂಥವಕ್ಕೆ. ಉಳಿದಂತೆ ನಿಯಮ ಬದಲಿಸುವ ಮುಂಚೆ ಜನರಿಗೆ ಪ್ರಕಟಣೆ ಕೊಟ್ಟು ಅವರ ಮಾತು ಕೇಳಲೇಬೇಕು ಎಂದು ಮೂಲ ಕಾಯ್ದೆ ಹೇಳುತ್ತದೆ. ಇಲ್ಲಿ ಯಾರನ್ನೂ ಕೇಳಿಲ್ಲ. ಒಳ್ಳೆಯ ಕೊಕ್ಕೆ ಸಿಕ್ಕಿತೆಂದು ಪೆನ್ನು ಎತ್ತಿದವಳಿಗೆ ಆಮೇಲೆ ಹೊಳೆಯಿತು, ಇದು ಯಾರ ಬರವಣಿಗೆ ಎಂದು. ಅದಕ್ಕೂ ಆಮೇಲೆ, ಮೂರನೇ ಮಹಡಿಯಲ್ಲಿ ಯಾರಿದ್ದಾರೆ ಎಂದು.

ಪೆನ್ನು ಮುಚ್ಚಿಟ್ಟು ಅಧ್ಯಕ್ಷರ ಬಳಿ ಹೋದಳು.

“ಸರ್, ಇದನ್ನ ನಾನು ಮುಟ್ಟೋ ಹಾಗಿಲ್ಲ. ಬರೆದಿರೋದು ನಮ್ಮವರು. ಪೆಟ್ಟು ಬೀಳೋದು ನನ್ನ ಮಗಳನ್ನ ಸಾಕಿದವಳಿಗೆ.”

ಹಲ್ಲಿನ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. “ಎರಡೂ ಕಡೆ ನಿಮ್ಮವರೇ ಅನ್ನಿ. ಹೊಸಬನಿಗೆ ಕೊಡಿ. ಅವನ ಹತ್ರ ಇದರ ಬಗ್ಗೆ ಒಂದು ಮಾತೂ ಆಡಬೇಡಿ.”

ಹೊಸಬ ಎಂದರೆ ಹಿಂದಿನ ವರ್ಷ ಸೇರಿದ ಅಧಿಕಾರಿ, ಇವಳೇ ಪಳಗಿಸಿದವನು. ಚುರುಕು ತಲೆ. ಅವನು ಎರಡು ದಿನ ಓದಿ ಒಂದು ಸರಿಯಾದ ತಪ್ಪು ಹಿಡಿದ: ಒಬ್ಬರ ಪರವಾನಗಿ ಕಿತ್ತುಕೊಳ್ಳುವ ಮುಂಚೆ ಅವರ ಮಾತು ಕೇಳಬೇಕು, ಹೀಗೆ ಎಲ್ಲರದನ್ನೂ ಒಂದೇ ಏಟಿಗೆ ರದ್ದು ಮಾಡುವ ಹಾಗಿಲ್ಲ. ಇಲಾಖೆಗೆ ಪ್ರಶ್ನೆ ಹೋಯಿತು, ವಿಚಾರಣೆಗೆ ದಿನ ಗೊತ್ತಾಯಿತು. ಟೈಪಾಗಿ ಬಂದ ಪ್ರಶ್ನೆ ಸಮಿತಿಯ ಸೂಚನಾ ಫಲಕದ ಮೇಲೆ ಕಂಡಾಗ ಕೊಕ್ಕೆ ಅದನ್ನು ಓದಿದಳು. ತುರ್ತು ಕಲಮಿನ ಮಾತೇ ಅಲ್ಲಿ ಇರಲಿಲ್ಲ.

ಅವನು ಹಿಡಿದ ತಪ್ಪೊಂದೇ ಆದರೆ ಇಲಾಖೆ ಸುಲಭವಾಗಿ ಪಾರಾಗುತ್ತಿತ್ತು. ಒಬ್ಬೊಬ್ಬರನ್ನೇ ಕರೆದು, ಮಾತು ಕೇಳಿದ ಶಾಸ್ತ್ರ ಮಾಡಿ, ಒಬ್ಬೊಬ್ಬರದನ್ನೇ ರದ್ದು ಮಾಡಿದರಾಯಿತು. ಇಡೀ ನಿಯಮ ಅಲ್ಲಾಡಬೇಕಾದರೆ ಆ ಇನ್ನೊಂದು ಮಾತು ಬರಬೇಕಿತ್ತು. ಹೇಳಿದರೆ ದೊಡ್ಡಮ್ಮನ ಪಕ್ಷ ಹಿಡಿದಂತೆ, ಹೇಳದಿದ್ದರೆ ಗಂಡನ ಪಕ್ಷ ಹಿಡಿದಂತೆ. ಅವಳು ಬಣ್ಣದ ಡಬ್ಬಿಗಳ ನಿಯಮ ಓದಲು ಕೂತಳು. ಒಂದೇ ಸಾಲನ್ನು ಮತ್ತೆ ಮತ್ತೆ ಓದಿದಳು.

ಸುದ್ದಿ ದೊಡ್ಡಮ್ಮನಿಗೂ ಮುಟ್ಟಿತ್ತು. ಒಂದು ಸಂಜೆ ಮೆಟ್ಟಿಲ ಮೇಲೆ ಇವಳನ್ನು ತಡೆದು ನಿಲ್ಲಿಸಿದಳು. ಕಂಕುಳಲ್ಲಿ ಒಂದು ಮಗು, ಸೆರಗು ಹಿಡಿದು ಇನ್ನೊಂದು.

“ನೋಡು, ಎರಡು ಮನೆಯವರು ಆಗ್ಲೇ ಬೇರೆ ಕಡೆ ನೋಡ್ಕೊಂಡ್ರಂತೆ. ನೀನು ಪಾರ್ಲಿಮೆಂಟಲ್ಲೇ ತಾನೇ ಇರೋದು? ಒಂದು ಮಾತು ಹೇಳಿದ್ರೆ ಆಗಲ್ವೇನೇ?”

“ಆಗಲ್ಲ ದೊಡ್ಡಮ್ಮ. ನಾನು ಅದರಲ್ಲಿ ಬಾಯಿ ಹಾಕೋ ಹಾಗಿಲ್ಲ.”

“ನಿನ್ನ ಗಂಡ?”

“ಅವರ ಹತ್ರ ನಾನು ಮಾತಾಡಲ್ಲ. ಸಮಿತಿ ವಿಚಾರಣೆಗೆ ಯಾರು ಬೇಕಾದ್ರೂ ಬರಬಹುದು, ನೀವೂ ಬಂದು ಹೇಳಬಹುದು. ಅಷ್ಟು ಮಾತ್ರ ಹೇಳ್ತೀನಿ, ಯಾರು ಕೇಳಿದ್ರೂ ಅಷ್ಟೇ ಹೇಳೋದು.”

ದೊಡ್ಡಮ್ಮ ಅವಳ ಮುಖವನ್ನೇ ನೋಡಿದಳು. “ನಿನ್ನ ಮಗಳಿಗೆ ಜ್ವರ ಬಂದಾಗ ನಾನೂ ಹೀಗೇ ನಿಯಮ ಹೇಳಿದ್ನಾ?” ಅಂದವಳೇ ಮೇಲೆ ಹೋದಳು. ಬಾಗಿಲು ಮುಚ್ಚಿದ ಸದ್ದು ಎರಡನೇ ಮಹಡಿಗೂ ಕೇಳಿಸಿತು.

ಮನೆಯೊಳಗೆ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. “ನಿಮ್ಮಿಬ್ಬರ ಒಪ್ಪಂದ ನೀವೇ ಇಟ್ಕೊಳ್ಳಿ. ನಾನು ಸಹಿ ಹಾಕಿಲ್ಲ,” ಎಂದು ಅಪ್ಪನ ಎದುರಿಗೆ ಹೋಗಿ ನಿಂತಳು. “ಅಪ್ಪ, ದೊಡ್ಡಮ್ಮನ ಮನೆ ನೀನು ಯಾವತ್ತಾದ್ರೂ ಒಳಗೆ ಬಂದು ನೋಡಿದೀಯಾ? ಬಾಗಿಲಲ್ಲೇ ನನ್ನ ಎತ್ಕೊಂಡು ಹೋಗ್ತಿದ್ದೆ, ಅಷ್ಟೇ.”

“ಆ ಮಗುವನ್ನ ನಾನು ನೋಡಿದೀನಮ್ಮ,” ಎಂದ ಕರಡಿ. “ಎರಡೂ ಕಾಲಿಗೆ ಪ್ಲಾಸ್ಟರು. ಅದರ ತಾಯಿ ನನ್ನ ಕೈ ಹಿಡ್ಕೊಂಡು, ಇನ್ನೊಂದು ಮಗುಗೆ ಹೀಗಾಗಬಾರ್ದು ಅಂದ್ಲು. ನಾನು ಬರೆದಿದ್ದು ಅವಳಿಗೋಸ್ಕರ. ಯಾರದೋ ಹೊಟ್ಟೆ ಮೇಲೆ ಹೊಡೆಯೋಕೆ ಅಲ್ಲ.”

ಕೊಕ್ಕೆ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡಳು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅವಳಿಗೆ ಕಷ್ಟವಾಗಿದ್ದು. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಮಾರನೆಯ ದಿನ ಅವನು ಕೆಲಸದಿಂದ ಬೇಗ ಬಂದು, ಶೂ ಬಿಚ್ಚದೆ, ಮೂರನೇ ಮಹಡಿಗೆ ಹತ್ತಿದ. ಅಲ್ಲಿ ಏನು ನಡೆಯಿತೆಂದು ಕೊಕ್ಕೆಗೆ ಗೊತ್ತಾದದ್ದು ಬಹಳ ದಿನದ ಮೇಲೆ, ಮಗಳ ಬಾಯಿಂದ. ದೊಡ್ಡಮ್ಮ ಅವನನ್ನು ಬೈಯಲಿಲ್ಲವಂತೆ. ಒಂದು ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿ ಹಾಲು ಕಾಯಿಸಲು ಹೋದಳಂತೆ. ಆಮೇಲೆ ಬಾಲ್ಕನಿ ತೋರಿಸಿ, “ನಿಜ ಹೇಳ್ತೀನಪ್ಪ, ಆ ಸುದ್ದಿ ಓದಿದ ಮೇಲೆ ನಂಗೂ ಇದನ್ನ ಕಂಡ್ರೆ ಕೈಕಾಲು ನಡುಗುತ್ತೆ. ಬೀಗ ಹಾಕಿಟ್ಟಿದೀನಿ. ಕಂಬಿ ಸಾಲದು, ಬಲೆ ಹಾಕಿಸ್ಬೇಕು. ಏನು ಹಾಕಿಸ್ಬೇಕು ಅಂತ ನಿಮ್ಮ ಇಲಾಖೆಯವರು ಹೇಳಿದ್ರೆ ನಾನು ಹಾಕಿಸ್ತಿದ್ದೆ. ಯಾರೂ ಬಂದು ಕೇಳ್ಲೇ ಇಲ್ಲ,” ಎಂದಳಂತೆ. ಕರಡಿ ಮಗುವನ್ನು ತೊಡೆಯ ಮೇಲಿಂದ ಇಳಿಸುವುದು ಹೇಗೆಂದು ತಿಳಿಯದೆ, ಅದು ನಿದ್ದೆ ಹೋಗುವ ತನಕ ಅಲ್ಲಾಡದೆ ಕೂತಿದ್ದನಂತೆ.

ವಿಚಾರಣೆಯ ದಿನ ಕೊಕ್ಕೆ ರಜೆ ಹಾಕಿ ಸಾರ್ವಜನಿಕರ ಕುರ್ಚಿಯಲ್ಲಿ ಹೋಗಿ ಕೂತಳು. ಅಷ್ಟು ವರ್ಷದಲ್ಲಿ ಆ ಕುರ್ಚಿಯ ಮೇಲೆ ಅವಳು ಕೂತದ್ದು ಅದೇ ಮೊದಲು. ಅಲ್ಲಿಂದ ನೋಡಿದರೆ ಸದಸ್ಯರ ಬೆನ್ನು, ಸಾಕ್ಷಿ ಹೇಳುವವರ ಮುಖ ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ದೊಡ್ಡಮ್ಮ. ಜೊತೆಗೆ ಬೇರೆ ಬೇರೆ ಬೀದಿಗಳಿಂದ ಬಂದ, ಅದೇ ಕೆಲಸ ಮಾಡುವ ಹೆಂಗಸರು. ಕುರ್ಚಿಗಳು ಸಾಲದೆ ಸದಸ್ಯರು ಕೋಟುಗಳನ್ನು ತೊಡೆಯ ಮೇಲಿಟ್ಟುಕೊಳ್ಳಬೇಕಾಯಿತು. ದೊಡ್ಡಮ್ಮ ಇವಳ ಕಡೆ ನೋಡಲಿಲ್ಲ.

ಮೊದಲು ಅವಳನ್ನೇ ಕರೆದರು. ಮೈಕಿನ ಕೆಂಪು ದೀಪ ಹತ್ತಿದ್ದೇ ತಡ, ದೊಡ್ಡಮ್ಮನ ಮಾತು ಹಾರಿಹೋಯಿತು. ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದೆಲ್ಲ ಮರೆತು, “ಮಕ್ಕಳನ್ನ ಚೆನ್ನಾಗಿ ನೋಡ್ಕೋತೀನಿ ಸ್ವಾಮಿ,” ಎಂದಷ್ಟೇ ಹೇಳಿ ವಾಪಸ್ಸು ಬಂದಳು. ಕಣ್ಣಲ್ಲಿ ನೀರು ತುಂಬಿತ್ತು. ಕೊಕ್ಕೆ ಕೈಚೀಲದಿಂದ ಕರವಸ್ತ್ರ ತೆಗೆದು ಪಕ್ಕಕ್ಕೆ ಚಾಚಿದಳು. ಕರವಸ್ತ್ರ ಕೊಡಬಾರದೆಂದು ಯಾವ ನಿಯಮದಲ್ಲೂ ಇರಲಿಲ್ಲ. ದೊಡ್ಡಮ್ಮ ತೆಗೆದುಕೊಂಡಳು.

ಆಮೇಲೆ ಇಲಾಖೆಯವರ ಸರದಿ. ಕಾರ್ಯದರ್ಶಿ, ಅವರ ಪಕ್ಕ ಕರಡಿ. ಅಧ್ಯಕ್ಷರು ಕನ್ನಡಕ ಏರಿಸಿದರು.

“ನಿಯಮ ಒಳ್ಳೇದೋ ಕೆಟ್ಟದ್ದೋ ನಾವು ಕೇಳೋ ಹಾಗಿಲ್ಲ. ನಿಮಗೆ ಅಧಿಕಾರ ಇತ್ತೋ ಇಲ್ವೋ ಅಷ್ಟೇ ನಮ್ಮ ಪ್ರಶ್ನೆ. ಮಾತು ಕೇಳದೆ ಪರವಾನಗಿ ಹೇಗೆ ರದ್ದು ಮಾಡಿದ್ರಿ?”

“ಅದನ್ನ ಸರಿಪಡಿಸ್ತೀವಿ,” ಎಂದರು ಕಾರ್ಯದರ್ಶಿ. “ಪ್ರತಿಯೊಬ್ಬರಿಗೂ ನೋಟಿಸು ಕೊಟ್ಟು, ಕೇಳಿ, ಆಮೇಲೇ ರದ್ದು ಮಾಡ್ತೀವಿ.”

ಕೊಕ್ಕೆ ಹೆದರಿದ್ದು ಅದೇ ಉತ್ತರಕ್ಕೆ. ಸದಸ್ಯರು ತಲೆಯಾಡಿಸಿದರು. ಹೊಸಬ ಏನೋ ಬರೆದುಕೊಂಡ. ಪಂಪು ಶುರುವಾಗಿ ಲೋಟಗಳು ನಡುಗಿದವು. ಅಧ್ಯಕ್ಷರು ಫೈಲು ಮುಚ್ಚುವವರಂತೆ ಕೈಯೆತ್ತಿ, “ಇಲಾಖೆಯವರು ಬೇರೆ ಏನಾದ್ರೂ ಹೇಳೋದಿದೆಯಾ?” ಎಂದು ವಾಡಿಕೆಯ ಪ್ರಶ್ನೆ ಕೇಳಿದರು. ಇಲ್ಲ ಎನ್ನುವುದೂ ವಾಡಿಕೆಯೇ.

ಕರಡಿ ಮೈಕಿನ ಗುಂಡಿ ಒತ್ತಿದ.

“ಒಂದು ವಿಷಯ ಇದೆ ಸರ್. ಸಮಿತಿ ಕೇಳಲಿಲ್ಲ, ಆದ್ರೂ ಹೇಳ್ಬೇಕು. ಇದನ್ನ ತುರ್ತು ಕಲಮಿನ ಕೆಳಗೆ ಹೊರಡಿಸಿದ್ವಿ. ಆ ಕಲಮು ಇರೋದು ರೋಗ ರುಜಿನಕ್ಕೆ, ಪ್ರಕೃತಿ ವಿಕೋಪಕ್ಕೆ. ಒಂದು ಮಗು ಬಿದ್ದಿದ್ದು ದೊಡ್ಡ ದುಃಖ. ಆದ್ರೆ ಕಾಯ್ದೆ ಹೇಳೋ ತುರ್ತು ಅದಲ್ಲ. ಮೊದಲು ಜನರನ್ನ ಕೇಳ್ಬೇಕಿತ್ತು. ಕೇಳಿದ್ರೆ ತಡ ಆಗುತ್ತೆ ಅಂತ ಆ ಸಾಲು ಬರೆದವನು ನಾನು.”

ಕಾರ್ಯದರ್ಶಿಯವರ ಬೂಟು ಮೇಜಿನ ಕೆಳಗೆ ಕರಡಿಯ ಬೂಟನ್ನು ತುಳಿದದ್ದು ಹಿಂದಿನ ಸಾಲಿನಿಂದ ಚೆನ್ನಾಗಿ ಕಾಣಿಸಿತು. ಕರಡಿ ಕಾಲು ಎಳೆದುಕೊಳ್ಳಲಿಲ್ಲ.

ಅಧ್ಯಕ್ಷರು ಮುಂದಕ್ಕೆ ಬಾಗಿದರು. “ಹಾಗಾದ್ರೆ ನಿಮ್ಮ ಅಭಿಪ್ರಾಯದಲ್ಲಿ ಈ ತಿದ್ದುಪಡಿ?”

“ನಿಲ್ಲಲ್ಲ ಸರ್.”

ಸಮಿತಿ ಒಮ್ಮತದಿಂದ ವರದಿ ಕೊಟ್ಟಿತು. ನಿಯಮ ವಾಪಸ್ಸು ಪಡೆಯಬೇಕು, ಜನರನ್ನು ಕೇಳಿ ಹೊಸದಾಗಿ ಮಾಡಬೇಕು. ಕೋಣೆಯ ಹೊರಗೆ ಹೆಂಗಸರು ಏನಾಯಿತೆಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರೆ, ಹೊಸಬ ಬಂದು ಬಿಡಿಸಿ ಹೇಳಿದ. ಹೇಳಿ ಮುಗಿಸಿ, ಕೊಕ್ಕೆಯ ಕಡೆ ತಿರುಗಿ ಕಿವಿ ಕೆಂಪಗೆ ಮಾಡಿಕೊಂಡ. “ಮೇಡಂ, ಅದು ನನ್ನ ಕಣ್ಣು ತಪ್ಪಿಹೋಯ್ತು.”

“ನನ್ನ ಕಣ್ಣೂ ಎಷ್ಟೋ ಸಲ ತಪ್ಪಿದೆ. ನಾಳೆ ಕೂತು ನೋಡೋಣ,” ಎಂದಳು.

ಗಂಡ ಹೆಂಡತಿ ನಡೆದೇ ಮನೆಗೆ ಹೊರಟರು. ಬಸ್‌ ನಿಲ್ದಾಣ ದಾಟಿ, ಸೇತುವೆಗೆ ಬಂದರು. ಅಲ್ಲಿ ಅವನೇ ಮಾತು ಶುರು ಮಾಡಿದ.

“ನಿಂಗೆ ಮೊದಲೇ ಗೊತ್ತಿತ್ತಾ?”

“ಓದಿದ ದಿನವೇ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಯಾರಿಗೆ ಅಂತ ಹೇಳ್ಲಿ?”

ಅವನು ಸೇತುವೆಯ ಕಟ್ಟೆಗೆ ಒರಗಿ ನಿಂತುಬಿಟ್ಟ. ನಗುತ್ತಿದ್ದಾನೋ ಅಳುತ್ತಿದ್ದಾನೋ ಎಂದು ಅವಳಿಗೆ ಒಂದು ಕ್ಷಣ ತಿಳಿಯಲಿಲ್ಲ. ನಗುತ್ತಲೇ ಇದ್ದ. “ಕೆಲಸ ಹೋದ್ರೆ ದೊಡ್ಡಮ್ಮನ ಹತ್ರ ಸೇರ್ಕೋತೀನಿ ಬಿಡು. ಮಗು ಮಲಗಿಸೋದು ಬಂತು ನಂಗೆ,” ಎಂದ. ಅದರ ಅರ್ಥ ಅವಳಿಗೆ ಆಗ ಆಗಲಿಲ್ಲ. ಆದರೂ ಅವನ ತೋಳಿಗೆ ತೋಳು ಸೇರಿಸಿ ನಡೆದಳು.

ಕೆಲಸವೇನೂ ಹೋಗಲಿಲ್ಲ. ಕಾರ್ಯದರ್ಶಿ ಕೆಲವು ವಾರ ಅವನ ಮುಖ ನೋಡಿ ಮಾತಾಡಲಿಲ್ಲ, ಒಂದು ಬಡ್ತಿಯ ಪಟ್ಟಿಯಲ್ಲಿ ಅವನು ಹಿಂದೆ ಬಿದ್ದ. ಆದರೆ ಹೊಸ ಕರಡು ಬರೆಯಬೇಕಾದಾಗ ಆ ವಿಷಯ ಬಲ್ಲವನು ಬೇರೆ ಇರಲಿಲ್ಲ. ಈ ಸಲ ಪ್ರಕಟಣೆ ಹೋಯಿತು, ಸಭೆಗಳಾದವು. ಬಿದ್ದ ಮಗುವಿನ ತಾಯಿಯೂ ಬಂದಳು, ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರೂ ಬಂದರು. ಮೊದಮೊದಲು ಎರಡೂ ಕಡೆಯವರು ಬೇರೆ ಬೇರೆ ಮೂಲೆಯಲ್ಲಿ ಕೂತರು. ಎರಡನೇ ಸಭೆಯಲ್ಲಿ ಆ ತಾಯಿ ಕಾಲಿನ ಪ್ಲಾಸ್ಟರು ಬಿಚ್ಚಿಸಿದ ಮಗುವನ್ನೂ ಕರೆತಂದಳು. ಅದು ಸೀದಾ ಕುಂಟುತ್ತಾ ಹೋಗಿ ದೊಡ್ಡಮ್ಮನ ಮಡಿಲು ಹತ್ತಿತು. ಅವಳ ಮೈಕಿನ ಭಯ ಅವತ್ತಿಗೆ ಹೋಯಿತೆಂದು ಕಾಣುತ್ತದೆ, ಮೂರನೇ ಸಭೆಯಲ್ಲಿ ಅವಳನ್ನು ನಿಲ್ಲಿಸುವುದೇ ಕಷ್ಟವಾಯಿತು.

ಹೊಸ ನಿಯಮದಲ್ಲಿ ಮಹಡಿಯ ಮಾತಿರಲಿಲ್ಲ. ಬಾಲ್ಕನಿ, ಕಿಟಕಿಗಳಿಗೆ ಎಂಥ ಬಲೆ ಇರಬೇಕು, ಯಾರು ಬಂದು ಪರೀಕ್ಷಿಸಬೇಕು, ಹಾಕಿಸಿಕೊಳ್ಳಲು ಎಷ್ಟು ಸಮಯ ಎಂಬುದಿತ್ತು. ದೊಡ್ಡಮ್ಮನ ಮನೆಯ ಬಾಲ್ಕನಿಗೆ ಬಲೆ ಕಟ್ಟಲು ಬಂದವರ ತಲೆ ತಿಂದು, ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿದವನು ಕರಡಿಯೇ. ಬಿಟ್ಟು ಹೋಗಿದ್ದ ಎರಡು ಮನೆಗಳಲ್ಲಿ ಒಂದು ವಾಪಸ್ಸು ಬಂತು. ಇನ್ನೊಂದು ಬರಲಿಲ್ಲ, ಅದರ ಜಾಗಕ್ಕೆ ಒಂದು ಅವಳಿ ಜೋಡಿ ಬಂದು ಸೇರಿಕೊಂಡಿತು.

ದೊಡ್ಡಮ್ಮ ಕೊಕ್ಕೆಯ ಜೊತೆ ಸರಿಹೋಗಲು ಸ್ವಲ್ಪ ಹೆಚ್ಚೇ ಸಮಯ ತೆಗೆದುಕೊಂಡಳು. ಒಂದು ಭಾನುವಾರ ಬೆಳಿಗ್ಗೆ, ಒಗೆದು ಇಸ್ತ್ರಿ ಮಾಡಿದ ಕರವಸ್ತ್ರ ಹಿಡಿದು ಕೆಳಗೆ ಬಂದಳು.

“ಅವತ್ತು ಮೆಟ್ಟಿಲ ಮೇಲೆ ನೀನು ಹಾಗಂದಾಗ ನಂಗೆ ಮೈಯೆಲ್ಲ ಉರಿದುಹೋಗಿತ್ತು ಕಣೇ.”

“ನಂಗೊತ್ತು ದೊಡ್ಡಮ್ಮ.”

“ಈಗಲೂ ಪೂರ್ತಿ ಹೋಗಿಲ್ಲ. ಟೀ ಮಾಡು, ನೋಡೋಣ.”

ಇದೆಲ್ಲ ಆಗಿ ಕೆಲವು ವರ್ಷಗಳಾಗಿವೆ. ಹಲ್ಲಿನ ಡಾಕ್ಟರು ಚುನಾವಣೆಯಲ್ಲಿ ಸೋತು ಮತ್ತೆ ತಮ್ಮ ಕ್ಲಿನಿಕ್ಕು ತೆರೆದಿದ್ದಾರೆ. ಕೊಕ್ಕೆ ಈಗ ಸಮಿತಿಯ ಹಿರಿಯ ಅಧಿಕಾರಿ. ಹೊಸದಾಗಿ ಸೇರಿದವರಿಗೆ ಪಾಠ ಹೇಳುವುದು ಅವಳ ಪಾಲಿಗೆ ಬಂದಿದೆ. ಆ ಪಾಠಕ್ಕೆ ಅವಳು ಈಚೆಗೆ ಒಂದು ಹೊಸ ಭಾಗ ಸೇರಿಸಿದ್ದಾಳೆ. ಆಗಾಗ ಒಂದು ಮಧ್ಯಾಹ್ನ ಅವರನ್ನು ಕಿಟಕಿಯಿಲ್ಲದ ಕೋಣೆಯಿಂದ ಎಬ್ಬಿಸಿ, ಯಾವುದಾದರೂ ಒಂದು ನಿಯಮ ತಾಗುವ ಜಾಗಕ್ಕೆ ಕರೆದುಕೊಂಡು ಹೋಗುತ್ತಾಳೆ. ಒಮ್ಮೆ ಬೇಕರಿಯ ಒಲೆಯ ಹಿಂದೆ, ಒಮ್ಮೆ ಲಿಫ್ಟು ರಿಪೇರಿ ಮಾಡುವವರ ಜೊತೆ ಕಟ್ಟಡದ ತುದಿಗೆ.

ಹೋದ ವಾರ ಮೀನಿನ ಲಾರಿಗಳು ನಿಲ್ಲುವ ಕಟ್ಟೆಗೆ ಹೋಗಿದ್ದರು. ಮಂಜುಗಡ್ಡೆಯ ನೀರಿನಲ್ಲಿ ಬೂಟು ನೆನೆಸಿಕೊಂಡ ಹುಡುಗಿಯೊಬ್ಬಳು, “ಮೇಡಂ, ನಿಯಮ ಒಳ್ಳೇದೋ ಕೆಟ್ಟದ್ದೋ ನಾವು ಕೇಳೋ ಹಾಗಿಲ್ಲ ಅಂದ್ರಿ. ಮತ್ತೆ ಇಲ್ಲಿಗೆ ಯಾಕೆ ಬಂದ್ವಿ?” ಎಂದು ಮೂಗು ಮುಚ್ಚಿಕೊಂಡು ಕೇಳಿದಳು.

“ಕೇಳೋ ಹಾಗಿಲ್ಲ ಅಂದೆ. ನೋಡೋ ಹಾಗಿಲ್ಲ ಅಂದ್ನಾ?” ಎಂದು ಕೊಕ್ಕೆ ಮುಂದಿನ ಲಾರಿಯ ಕಡೆ ನಡೆದಳು. ಅಲ್ಲಿ ಚಾಲಕನೊಬ್ಬ ಹಿಂದಿನ ಬಾಗಿಲು ತೆರೆಯುತ್ತಿದ್ದ. “ಏನಪ್ಪಾ, ಹೊಸ ನಿಯಮ ಬಂದ ಮೇಲೆ ಹೇಗಿದೆ?” ಎಂದು ಕೇಳಿದ್ದೇ ತಡ, ಅವನು ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು, ತೋಳು ಮಡಚಿ, ಹೇಳಲು ಶುರುಮಾಡಿದ.